ನಾಲ್ಕು ಮನೆಗೊಂದು ಹಾರ್ಡ್ ಡಿಸ್ಕು

ಭಾನುವಾರ ಬೆಳ್ಳಂಬೆಳಿಗ್ಗೆ ಪಕ್ಕದ ಮನೆಯ ಸಂತೋಷ ಒಂದು ಉಪಕಾರ ಮಾಡಲು ಬಂದ. ಬೇಡ ಎನ್ನಲು ಬಾಯಿ ಬಾರದಿರುವುದೇ ಭಾನುಪ್ರಕಾಶನ ಪ್ರಾರಬ್ಧ, ಏನು ಮಾಡುತ್ತೀರಿ!

ಮರಳೂರಿನ ಆ ವಠಾರದಲ್ಲಿ ನಾಲ್ಕೇ ಮನೆ, ನಾಲ್ಕಕ್ಕೂ ಒಂದೇ ವೈಫೈ. ಅದರ ರೌಟರು ಇದ್ದದ್ದು ಭಾನುಪ್ರಕಾಶನ ಮನೆಯಲ್ಲಿ. ನಲವತ್ತೇಳು ವಯಸ್ಸು, ಮದುವೆಯಿಲ್ಲ. ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಒಂದು ಕಾಲೇಜಿನ ಹಾಜರಿ ಪುಸ್ತಕ ನೋಡಿಕೊಳ್ಳುವ ಗುಮಾಸ್ತ. ಬಾರದೆಯೇ ಸಹಿ ಹಾಕುವ ಮೇಷ್ಟ್ರುಗಳನ್ನು ಹಿಡಿದು ಕೆಂಪು ಗೆರೆ ಎಳೆಯುವುದರಲ್ಲಿ ಎತ್ತಿದ ಕೈ. ವಠಾರದಲ್ಲಿ ಯಾರ ಮನೆಯಲ್ಲಿ ಏನೇ ನಡೆಯಲಿ, ಕ್ಯಾಮೆರಾ ಹಿಡಿಯುವವನು ಅವನೇ. ಆ ವಿಡಿಯೋಗಳೆಲ್ಲ ಅವನ ಹಾರ್ಡ್ ಡಿಸ್ಕಿನಲ್ಲಿದ್ದವು. ನೋಡಬೇಕೆಂದರೆ ಅವನ ಮನೆಗೇ ಬರಬೇಕು, ಬಂದವರಿಗೆ ಕಾಫಿ. ಅವನ ಪಾಲಿಗೆ ಜನ ಅಂದರೆ ಅಷ್ಟೇ.

"ಭಾನು ಸಾರ್, ಎಲ್ರೂ ಬಂದು ನಿಮ್ಗೆ ತೊಂದ್ರೆ ಕೊಡೋದ್ಯಾಕೆ? ಈ ಡಿಸ್ಕನ್ನ ರೌಟರಿಗೆ ಚುಚ್ಬಿಟ್ರೆ ಆಯ್ತು. ಅವರವರ ಮನೇಲೇ ಕೂತು ನೋಡ್ಕೋತಾರೆ," ಎಂದ ಸಂತೋಷ.

"ತೊಂದ್ರೆ ಏನಿಲ್ಲಪ್ಪ..."

"ನೀವು ಸುಮ್ನಿರಿ ಸಾರ್!" ಚುಚ್ಚಿಯೇ ಬಿಟ್ಟ. "ಬರೀ ನೋಡೋಕೆ ಬಿಡ್ಲಾ, ತಿದ್ದೋಕೂ ಬಿಡ್ಲಾ?"

"ಎಲ್ಲಾರ್ಗೂ ಎಲ್ಲಾ ಕೊಡಪ್ಪ, ನಮ್ಮೋರೇ ಅಲ್ವಾ," ಅಂದ ಭಾನುಪ್ರಕಾಶ. ಈ ಧಾರಾಳತನ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಪಾಪ, ಅವನಿಗೇನು ಗೊತ್ತು!

ಹತ್ತಕ್ಕೆ ಡಿಕಾಕ್ಷನ್ ಇಳಿಸಿ ಕಾದ. ಹನ್ನೊಂದಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಆದರೆ ಮೂರೂ ಮನೆಗಳಿಂದ ಅವನದೇ ಧ್ವನಿ ಕೇಳುತ್ತಿತ್ತು. "ಯಜಮಾನ್ರೆ, ಒಸಿ ಈ ಕಡೆ ತಿರುಗಿ!" "ಪ್ರಮೀಳಮ್ಮ, ಕೇಕ್ ಕಟ್ ಮಾಡಿ, ನಗ್ತಾ ಇರಿ!" ಕ್ಯಾಮೆರಾದ ಹಿಂದೆ ನಿಂತು ಕೂಗಿದ್ದೆಲ್ಲ ಈಗ ಗೋಡೆ ದಾಟಿ ಬರುತ್ತಿತ್ತು. ಮೂರು ಮನೆಯಲ್ಲೂ ಇದ್ದಾನೆ, ತನ್ನ ಮನೆಯಲ್ಲಿ ಮಾತ್ರ ಒಬ್ಬನೇ. ಎದ್ದು ಹೋಗಿ ಡಿಸ್ಕಿನ ವೈರು ಕಿತ್ತ.

ಮರುಕ್ಷಣವೇ ವಠಾರದ ಮಾಲೀಕರು ರಾಮಾಂಜಿನಯ್ಯ ಪಂಚೆ ಎತ್ತಿಕಟ್ಟಿಕೊಂಡು ಬಾಗಿಲಿಗೆ ಬಂದರು.

"ಏನಪ್ಪಾ ಭಾನು, ನಮ್ಮ ಸತ್ಯನಾರಾಯಣ ಪೂಜೆ ಸರಿಯಾಗಿ ಮಂಗಳಾರತಿಗೇ ನಿಂತೋಯ್ತಲ್ಲೋ!"

"ಬನ್ನಿ ಯಜಮಾನ್ರೆ, ಕೂತ್ಕೊಳ್ಳಿ. ಕಾಫಿ ಬಿಸಿ ಐತೆ."

"ಕಾಫಿ ಆಮೇಲೆ. ಮೊದ್ಲು ಚುಚ್ಚು. ನಮ್ಮೋಳು ಕೈ ಮುಗ್ಕೊಂಡು ಹಂಗೇ ಕೂತವ್ಳೆ!"

ಚುಚ್ಚಿದ. ಅವರು ಹೋದ ಮೇಲೆ ಮತ್ತೆ ಕಿತ್ತ. ಈ ಸಲ ಎದುರು ಮನೆಯ ಪ್ರಮೀಳಾ ಬಂದಳು. ಹೊಸ್ತಿಲ ಮೇಲೆ ಒಂದೇ ಕಾಲಿಟ್ಟು, "ಭಾನಣ್ಣ, ನನ್ ಮಗಳು ಟೀವೀಲಿ ಕೇಕು ಬಾಯಿಗಿಟ್ಕೊಂಡು ನಿಂತವ್ಳೆ, ನುಂಗ್ತಾನೇ ಇಲ್ಲ," ಎಂದಳು. ಮೂರನೇ ಸಲ ಕಿತ್ತಾಗ ಸಂತೋಷ ಟೇಪಿನ ಸುರುಳಿಯನ್ನೇ ಹಿಡಿದು ಬಂದ. "ವೈರು ಲೂಸಾಗೈತೆ ಸಾರ್," ಎಂದು ಮುರಿದ ಕಾಲಿಗೆ ಪಟ್ಟಿ ಹಾಕುವಂತೆ ಸುತ್ತಿ ಬಿಗಿದು ಹೋದ. ಕೀಳುವ ಆಟ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದಾಗ ಭಾನುಪ್ರಕಾಶನಿಗೆ ತಟ್ಟನೆ ನೆನಪಾಯಿತು. ಡಿಸ್ಕಿನಲ್ಲಿ 'ಹಾಜರಿ' ಅಂತ ಒಂದು ಫೈಲಿತ್ತು! ಕಾಲೇಜಿನದಲ್ಲ, ಮನೆಯದು. ಯಾವ ದಿನ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂದು ಆರು ವರ್ಷದಿಂದ ಬರೆದಿಟ್ಟಿದ್ದ. 'ರಾಮಾಂಜಿನಯ್ಯ: ಎರಡು ನಿಮಿಷ. ಕೂರಲಿಲ್ಲ.' 'ಪ್ರಮೀಳಾ: ಕಾಫಿ ಅರ್ಧ ಬಿಟ್ಟರು.' 'ದೀಪಾವಳಿ: ಯಾರೂ ಇಲ್ಲ.' 'ನನ್ನ ಹುಟ್ಟಿದ ಹಬ್ಬ: ಯಾರೂ ಇಲ್ಲ.'

ಎಂಜಲು ಕೈಯಲ್ಲೇ ಓಡಿದ. ಕಂಪ್ಯೂಟರಿನಲ್ಲಿ ಅಳಿಸಲು ಹೋದರೆ 'ಈ ಫೈಲನ್ನು ಬೇರೆಯವರು ತೆರೆದಿದ್ದಾರೆ' ಎಂದು ಬಂತು. ಮೂರೂ ಮನೆಯ ಸದ್ದು ಅಡಗಿತ್ತು. ಅಯ್ಯಯ್ಯೋ, ಓದುತ್ತಿದ್ದಾರೆ! ಗೋಡೆಯಾಚೆ ರಾಮಾಂಜಿನಯ್ಯನವರ ಹೆಂಡತಿ ಸುಬ್ಬಲಕ್ಷ್ಮಮ್ಮ ಹೇಳಿದ್ದು ಕಿವಿಗೆ ಬಿತ್ತು: "ಪಾಪ ಕಣ್ರೀ, ಹುಟ್ಟಿದ ಹಬ್ಬಕ್ಕೂ ಯಾರೂ ಹೋಗಿಲ್ವಂತೆ."

ನಾಚಿಕೆಯಿಂದ ಮೈ ಹಿಡಿಯಾಯಿತು. ಒಂದು ಗಂಟೆ ಹಾಗೇ ಕೂತವನಿಗೆ ನಿಧಾನವಾಗಿ ಇನ್ನೊಂದು ಹೊಳೆಯಿತು. ಓದಿದರೆ ಓದಲಿ ಬಿಡು, ಈಗ ಗೊತ್ತಾಯಿತಲ್ಲ. ಇನ್ನಾದರೂ ಬರುತ್ತಾರೆ. ಮನೆ ಗುಡಿಸಿ, ಚಾಪೆ ಹಾಸಿ, ಹೊಸ ಹಾಲು ತಂದು ಕಾಫಿ ಬೆರೆಸಿ ನಾಲ್ಕು ಲೋಟ ಜೋಡಿಸಿದ. ಐದಾಯಿತು, ಆರಾಯಿತು. ವಠಾರದಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಎದ್ದು ನಿಂತ. ಯಾವುದೂ ಅವನ ಬಾಗಿಲಿಗೆ ಬರಲಿಲ್ಲ.

ಆರೂವರೆಗೆ, ಅಳಿಸಿಯೇ ಬಿಡೋಣವೆಂದು ಫೈಲು ತೆರೆದ. ಇವತ್ತಿನ ತಾರೀಕಿನ ಕೆಳಗೆ ಯಾರ್ಯಾರೋ ಬರೆದಿದ್ದರು.

'ರಾಮಾಂಜಿನಯ್ಯ, ಪತ್ನೀ ಸಮೇತ: ಬಂದಿದ್ದೆವು. ಒಂದು ಗಂಟೆ ಕೂತೆವು.'

'ಪ್ರಮೀಳಾ: ಬಂದಿದ್ದೆ. ಕಾಫಿ ಪೂರ್ತಿ ಕುಡಿದೆ. ಚೆನ್ನಾಗಿತ್ತು ಅಣ್ಣ.'

'ಸಂತೋಷ್: ಹಾಜರ್ ಸಾರ್.'

ಅಷ್ಟೇ ಅಲ್ಲ, ಮುಂದಿನ ದೀಪಾವಳಿಗೂ, ಅವನ ಹುಟ್ಟಿದ ಹಬ್ಬಕ್ಕೂ ಎಲ್ಲರೂ ಈಗಲೇ ಹಾಜರಿ ಹಾಕಿಬಿಟ್ಟಿದ್ದರು.

ಕೆಂಪು ಗೆರೆ ಎಳೆಯಲು ಕೈ ಮುಂದೆ ಹೋಯಿತು, ಆಮೇಲೆ ಬೇಡವೆನಿಸಿತು. ಪಾಪ, ಅಷ್ಟಾದರೂ ಬರೆದಿದ್ದಾರಲ್ಲ. ದಾಖಲೆ ಸುಳ್ಳಾಗಬಾರದೆಂದು ಆರಿದ ಕಾಫಿಯನ್ನು ಒಂದೊಂದೇ ಲೋಟ ಎತ್ತಿ ಅವನೇ ಕುಡಿದ. ಪ್ರಮೀಳಾಳ ಲೋಟದಲ್ಲಂತೂ ಒಂದು ತೊಟ್ಟೂ ಬಿಡಲಿಲ್ಲ.