ಊರ ಕೆರೆಯಲ್ಲಿ ನನ್ನ ಹಾಯಿ ಹಲಗೆ

ಹುಚ್ಚು ಹಿಡಿಯುವಾಗ ಊರು ಯಾವುದೆಂದು ವಿಚಾರಿಸಿಕೊಂಡು ಹಿಡಿಯುವುದಿಲ್ಲ. ಮಧುಗಿರಿಯಲ್ಲಿದ್ದ ನನಗೆ ಬೆಟ್ಟ ಹತ್ತುವ ಹುಚ್ಚು ಹಿಡಿದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಹಿತ್ತಲಿಗೆ ಹೋದರೆ ಬೆಟ್ಟವೇ ಮೈಮೇಲೆ ಬರುವ ಹಾಗಿತ್ತು. ನನಗೆ ಹಿಡಿದದ್ದು ವಿಂಡ್‌ಸರ್ಫಿಂಗ್. ಎಂಬತ್ತರ ದಶಕದ ಆರಂಭ. ಕ್ಷೌರದಂಗಡಿಯಲ್ಲಿ ಬಿದ್ದಿದ್ದ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಒಬ್ಬ ಹಲಗೆಯ ಮೇಲೆ ನಿಂತು, ಅದಕ್ಕೇ ನೆಟ್ಟಿದ್ದ ಹಾಯಿಯನ್ನು ಹಿಡಿದು ಸಮುದ್ರದ ಮೇಲೆ ಹಾರುತ್ತಿದ್ದ. ಮುಖಕ್ಕೆಲ್ಲ ಸೋಪು ಹಚ್ಚಿಸಿಕೊಂಡು ಕೂತಿದ್ದ ನಾನು ಅಲ್ಲೇ ತೀರ್ಮಾನಿಸಿದೆ, ಇದು ನನ್ನಿಂದ ಆಗುತ್ತದೆ ಎಂದು. ಆಗ ನಾನಿನ್ನೂ ಸಮುದ್ರವನ್ನೇ ನೋಡಿರಲಿಲ್ಲ. ಹಾಗಾಗಿ ಧೈರ್ಯಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಹಲಸಿನ ಹಲಗೆ ಕೊರಟಗೆರೆಯಿಂದ ಬಂತು. ಮುಳುಗದಿರಲೆಂದು ಅದರ ಅಡಿಗೆ ಲಾರಿಯ ಹಳೇ ಟ್ಯೂಬುಗಳನ್ನು ಕಟ್ಟಿದೆ. ನಡುವೆ ಬಿದಿರು ನೆಟ್ಟೆ. ಹಾಯಿ ಹೊಲಿಯಲು ನಮ್ಮೂರಿನ ದರ್ಜಿಗಳು ಒಪ್ಪದೆ ಹೋದಾಗ ಕೋರಾ ಬಟ್ಟೆ ಹೊತ್ತುಕೊಂಡು ಶಿರಾಕ್ಕೆ ಹೋದೆ. ಅಲ್ಲಿನ ದರ್ಜಿ ಸಾಬರು ಅಳತೆ ಟೇಪು ಹಿಡಿದು, "ಯಾರ್ದು ಸಾರ್ ಇದು ನಾಪು?" ಎಂದು ಕೇಳಿದರು. "ಗಾಳಿದು" ಎಂದೆ. ಅವರು ನಗಲಿಲ್ಲ. "ಅಚ್ಛಾ. ಟ್ರಯಲ್‌ಗೆ ಗಾಳೀನ ಯಾವಾಗ ಕರ್ಕೊಂಡ್ ಬರ್ತೀರಾ?" ಎಂದು ಕೇಳಿ ಬಟ್ಟೆ ಮಡಿಸಿಟ್ಟುಕೊಂಡರು.

ನನ್ನ ಹೆಂಡತಿ ಶಾರದೆ ಮಾತ್ರ ಇದನ್ನೆಲ್ಲ ಸುಮ್ಮನೆ ನೋಡುವವಳಲ್ಲ. ನಡುಮನೆಯಲ್ಲಿ ಮಲಗಿದ್ದ ಹಲಗೆಯನ್ನು ದಾಟಿ ದಾಟಿ ಅವಳಿಗೆ ಸಾಕಾಗಿತ್ತು. "ಕೆರೆ ತುಂಬಿದ ದಿನ ಇದರ ಮೇಲೆ ನಿಂತು ಆಚೆ ದಡ ಮುಟ್ಟಿದ್ರೆ ಇರ್ಲಿ. ಇಲ್ದಿದ್ರೆ ಇದು ಮತ್ತೆ ಈ ಮನೆ ಹೊಸಿಲು ದಾಟಿ ಒಳಗೆ ಬರಕೂಡದು, ಗಾಳಿ ಅನ್ನೋ ಮಾತೂ ಎತ್ತಕೂಡದು" ಎಂದಳು. ಒಪ್ಪಿಕೊಂಡೆ. ಗೆಲ್ಲುವವನು ಷರತ್ತಿಗೆ ಯಾಕೆ ಹೆದರಬೇಕು?

ನಮ್ಮ ಸೀಮೆಯಲ್ಲಿ ಒಂದು ತೊಂದರೆಯಿದೆ. ಆಷಾಢದಲ್ಲಿ ಶಿರಾದ ಕಡೆಯಿಂದ ಹೆಂಚು ಹಾರಿಸುವ ಗಾಳಿ ಬರುತ್ತದೆ. ಆಗ ಕೆರೆಯಲ್ಲಿ ಎಮ್ಮೆಯ ಗೊರಸು ನೆನೆಯುವಷ್ಟೂ ನೀರಿರುವುದಿಲ್ಲ. ಕೆರೆ ತುಂಬುವುದು ಕಾರ್ತಿಕದ ಹೊತ್ತಿಗೆ. ಆಗ ದೀಪ ಕೂಡ ಅಲ್ಲಾಡುವುದಿಲ್ಲ. ನಾನು ಎದೆಗುಂದದೆ ಆಷಾಢದಲ್ಲಿ ಬತ್ತಿದ ಕೆರೆಯಂಗಳದಲ್ಲೇ ಅಭ್ಯಾಸಕ್ಕೆ ನಿಂತೆ. ಪಾವಗಡದಿಂದ ಕುರಿ ಹೊಡೆದುಕೊಂಡು ಬಂದಿದ್ದ ಕುರುಬನೊಬ್ಬ ಬಹಳ ಹೊತ್ತು ನೋಡಿದ. "ನೀಳ್ಳೇ ಲೇವು ಕದಾ ಸಾರೂ! ನೀರಿಲ್ದೆ ಎಲ್ಲಿಗೋಯ್ತೀರಾ?" ಎಂದ. ನಿಲ್ಲುವುದನ್ನು ಕಲಿಯುತ್ತಿದ್ದೇನೆ, ಹೋಗುವುದು ಆಮೇಲೆ ಎಂದು ಗಂಭೀರವಾಗಿ ಹೇಳಿದೆ. ಅವನ ಕುರಿಗಳೂ ನನ್ನನ್ನೇ ನೋಡುತ್ತಿದ್ದವು.

ಆ ವರ್ಷ ಮಳೆ ಮನಸ್ಸು ಮಾಡಿತು. ಕೆರೆ ತುಂಬಿ ಕೋಡಿ ಬಿತ್ತು. ಬಾಗಿನ ಕೊಡಲು ಶಾರದೆಯೂ ಸೇರಿದಂತೆ ಹೆಂಗಸರೆಲ್ಲ ಕೋಡಿಯ ಹತ್ತಿರ ನೆರೆದಿದ್ದರು. ಅರಿಸಿನ, ಕುಂಕುಮ, ಬಳೆ, ಕಣ ತುಂಬಿದ ಮೊರಗಳನ್ನು ಗಂಗಮ್ಮನಿಗೆಂದು ನೀರಿನಲ್ಲಿ ತೇಲಿಬಿಡುತ್ತಿದ್ದರು. ಅವರ ಮುಂದೆಯೇ ಹಲಗೆಯನ್ನು ನೀರಿಗಿಳಿಸಿ ಹತ್ತಿ ನಿಂತೆ. ಆಹಾ, ಎಂಥ ನಿಲುವು! ಒಂದಿಷ್ಟೂ ಓಲಾಡಲಿಲ್ಲ. ಆದರೆ ಗಾಳಿಯಿಲ್ಲ. ಹಾಯಿ ಒಣಗಲು ಹಾಕಿದ ಪಂಚೆಯ ಹಾಗೆ ಜೋತುಬಿದ್ದಿತ್ತು. ನೀರು ಮಾತ್ರ ಕೋಡಿಯ ಕಡೆಗೆ ಮೆಲ್ಲಗೆ ಎಳೆಯುತ್ತಿತ್ತು. ಹಲಗೆ ಆ ಕಡೆಗೇ ಹೊರಟಿತು. ಬಾಗಿನದ ಮೊರಗಳು ನನ್ನನ್ನು ಹಿಂದೆ ಹಾಕಿ ಮುಂದೆ ಹೋದವು. ನನಗೆ ನಿಜಕ್ಕೂ ಅವಮಾನವಾಯಿತು. ಕೊನೆಗೆ ಎಲ್ಲವೂ ಕೋಡಿಯ ಕಲ್ಲಿಗೆ ಬಂದು ನಿಂತವು; ಮೊರಗಳು ನನ್ನ ಟ್ಯೂಬುಗಳ ಸಂದಿಯಲ್ಲಿ ಸಿಕ್ಕಿಕೊಂಡವು.

ದಡದಲ್ಲಿದ್ದ ಅಜ್ಜಿಯೊಬ್ಬಳು ಗಲ್ಲದ ಮೇಲೆ ಕೈಯಿಟ್ಟಳು. "ಗಂಗಮ್ಮನ್ ಬಾಗಿನಾನ ನೀನು ಇಸ್ಕೊಂಡ್ಬುಟ್ಟಲ್ಲಪ್ಪಾ! ಇಸ್ಕೊಂಡೋರು ಸುಮ್ಕೆ ಓಗಂಗಿಲ್ಲ. ಮರುಬಾಗಿನ ಕೊಡ್ಬೇಕು, ಗಂಗಮ್ಮಂಗೆ."

"ನನ್ ಹತ್ರ ಏನಿದೆ ಅಜ್ಜಿ ಕೊಡೋಕೆ?" ಎಂದೆ.

"ಯಾಕೆ, ಯಾವುದರ ಮೇಲೆ ನಿಂತಿದ್ದೀರೋ ಅದೇ" ಎಂದಳು ಶಾರದೆ.

ಊರಿನ ಹೆಂಗಸರೆಲ್ಲ ಹೌದು ಹೌದು ಎಂದರು. ನಾನು ಇಳಿದೆ. ಶಾರದೆ ಹಲಗೆಗೆ ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು, ಕಾಲುಂಗುರದ ಕಾಲಿನಿಂದಲೇ ಒಂದು ಸಲ ಜೋರಾಗಿ ತಳ್ಳಿದಳು. ಅದೇ ಕ್ಷಣಕ್ಕೆ ಎಲ್ಲಿತ್ತೋ, ಒಂದು ಗಾಳಿ ಬೀಸಿತು. ಹಾಯಿ ಉಬ್ಬಿತು. ಹಲಗೆ ಎಡಕ್ಕೂ ವಾಲದೆ ಬಲಕ್ಕೂ ವಾಲದೆ, ನೀರು ಸೀಳಿಕೊಂಡು ನೆಟ್ಟಗೆ ಹೋಗಿ ಆಚೆ ದಡ ಮುಟ್ಟಿತು. ಹೆಂಗಸರು ಕೈಮುಗಿದರು. ನನ್ನ ಕಣ್ಣಲ್ಲಿ ನೀರು ಬಂತು.

"ಹಲಗೆ ಚೆನ್ನಾಗೇ ಮಾಡಿದ್ರಿ" ಎಂದಳು ಶಾರದೆ. ಮೊದಲ ಸಲ ಅವಳ ದನಿಯಲ್ಲಿ ಮೆಚ್ಚುಗೆಯಿತ್ತು. "ಭಾರ ಒಂದು ಜಾಸ್ತಿ ಇತ್ತು, ಅಷ್ಟೇ."

ಇಷ್ಟಾದರೂ ಒಂದು ಮಾತನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ನಮ್ಮ ಸೀಮೆಯಲ್ಲಿ ವಿಂಡ್‌ಸರ್ಫಿಂಗ್ ಸಾಧ್ಯವೆಂದು ಮೊಟ್ಟಮೊದಲು ತೋರಿಸಿಕೊಟ್ಟವನು ನಾನೇ. ಆಗ ನಾನು ದಡದಲ್ಲಿದ್ದೆ.