ಅಕ್ಕನ ಮನೆಗೆ ಕಹಿ ಆನೆ

ನಮ್ಮ ಮಾಮಾ ತನ್ನ ಆಯುಷ್ಯದಲ್ಲಿ ಎಷ್ಟು ಆನೆಗಳ ಸೊಂಡಿಲು ಮುರಿದಿದ್ದಾನೆ ಎಂಬುದಕ್ಕೆ ಲೆಕ್ಕವಿಲ್ಲ. ಕುದುರೆಗಳ ಕಿವಿ, ಗಿಳಿಗಳ ಕೊಕ್ಕು, ನವಿಲುಗಳ ಕುತ್ತಿಗೆ ಬೇರೆ. ಇಷ್ಟಾದರೂ ಅವನ ಮನೆ ಬಾಗಿಲಿಗೆ ಅರಣ್ಯ ಇಲಾಖೆಯವರು ಒಂದು ದಿನವೂ ಬಂದಿಲ್ಲ. ಬಂದರೂ ಏನು ಸಿಗುತ್ತದೆ ಹೇಳಿ? ಸಾಕ್ಷಿಯನ್ನೆಲ್ಲ ನಾವೇ ತಿಂದು ಮುಗಿಸಿದ್ದೇವಲ್ಲ!

ಗಾಬರಿಯಾಗಬೇಡಿ, ಅವೆಲ್ಲ ಸಕ್ಕರೆಯ ಪ್ರಾಣಿಗಳು. ಮಾಮಾ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ಅವನಿರುವುದು ಬಸವಕಲ್ಯಾಣದಲ್ಲಿ, ಅವ್ವನನ್ನು ಕೊಟ್ಟಿದ್ದು ಹುಮನಾಬಾದಿಗೆ. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ತವರಿನಿಂದ ಮಗಳ ಮನೆಗೆ ಸಕ್ಕರೆ ಸರ, ಸಕ್ಕರೆ ಗೊಂಬೆ ಬರಬೇಕು. ತರುವವನು ಅಣ್ಣನೋ ತಮ್ಮನೋ ಆಗಿರುತ್ತಾನೆ. ಊರಿನ ಉಳಿದ ಮಾಮಂದಿರೆಲ್ಲ ಪೇಟೆಗೆ ಹೋಗಿ ಒಂದು ಸರ ಕೊಂಡು, ಚೀಲಕ್ಕೆ ತುರುಕಿಕೊಂಡು ಬಂದುಬಿಡುತ್ತಾರೆ. ನಮ್ಮ ಮಾಮಾನಿಗೆ ಅದು ಅಪಮಾನ.

"ಪ್ಯಾಟಿ ಸರ ಯಾರ್ ಬೇಕಾದ್ರೂ ತರ್ತಾರ. ಅದಕ್ಕ ತಮ್ಮ ಯಾಕ ಬೇಕು? ಪೋಸ್ಟಿನಾಗ ಕಳಿಸಿದ್ರ ಆಯ್ತು" ಎನ್ನುತ್ತಾನೆ.

ಅವರ ಮನೆಯಲ್ಲಿ ನಮ್ಮ ಅಜ್ಜಿಯ ಕಾಲದ ಸಾಚಾಗಳಿದ್ದವು. ಸಾಚಾ ಎಂದರೆ ಕಟ್ಟಿಗೆಯ ಅಚ್ಚು. ಎರಡು ಹೋಳು ಕೂಡಿಸಿ ದಾರ ಬಿಗಿದು ಒಳಗೆ ಸಕ್ಕರೆ ಪಾಕ ಸುರಿದರೆ ಪ್ರಾಣಿ ತಯಾರು. ಹಿಂದಿನ ದಿನವೇ ಅವನ್ನು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಪಾಕ ಕಟ್ಟಿಗೆಗೆ ಅಂಟಿ ಕೂರುತ್ತದೆ. ಇದು ಅಜ್ಜಿ ಹೇಳಿಕೊಟ್ಟ ಮಾತು, ಮಾಮಾನಿಗೆ ವೇದ. ಈ ನೆನೆಹಾಕುವ ವೇದ ಮುಂದೆ ಅವನನ್ನು ಎಂಥ ಫಜೀತಿಗೆ ತಳ್ಳಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಮಾಮಾ ಬಸ್ ಕಂಡಕ್ಟರ್ ಆಗಿದ್ದ. ಕೆಲವರು ಕೆಲಸವನ್ನು ಡಿಪೋದಲ್ಲೇ ಬಿಟ್ಟು ಮನೆಗೆ ಬರುತ್ತಾರೆ. ಇವನು ಅಡುಗೆಮನೆಗೂ ತರುತ್ತಿದ್ದ. ಒಲೆಯ ಮೇಲೆ ಪಾಕ ಹದಕ್ಕೆ ಬಂತೆಂದರೆ "ಹೋಲ್ಡಾನ್" ಎಂದು ಕೂಗುತ್ತಿದ್ದ, ಮಾಮಿ ಸೌಟು ನಿಲ್ಲಿಸಬೇಕು. ಸಾಚಾದೊಳಗೆ ಸುರಿಯುವಾಗ "ರೈಟ್, ರೈಟ್". ಒಂದು ಸಲ ಅವನ ಹೋಲ್ಡಾನ್ ಕೇಳಿ ಬೀದಿಯಲ್ಲಿ ಹೋಗುತ್ತಿದ್ದ ಆಟೋ ಗಕ್ಕನೆ ನಿಂತುಬಿಟ್ಟಿತಂತೆ. ಡ್ರೈವರ್ ಒಳಗೆ ಬಂದು, ಯಾರು ಹತ್ತುವವರು ಎಂದು ಕೇಳಿ, ಒಂದು ಗಿಳಿ ತಿಂದು ಹೋದನೆಂದು ಮಾಮಿ ಹೇಳುತ್ತಾಳೆ. ಮಾಮಿಯ ಮಾತಿನಲ್ಲಿ ಅರ್ಧ ಕಳೆದರೂ ಆಟೋ ನಿಂತದ್ದಂತೂ ನಿಜ.

ಹುಣ್ಣಿಮೆಯ ದಿನ ಅವನು ಡ್ಯೂಟಿಯ ಮೇಲೇ ಬರುತ್ತಿದ್ದ. ನಾವು ಮಕ್ಕಳು ಅವ್ವನ ಜೊತೆ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಲ್ಲುತ್ತಿದ್ದೆವು. ಬಸ್ಸು ತಿರುಗಿ ಬಂದು ನಿಂತ ಕೂಡಲೇ ನಮ್ಮ ಕಣ್ಣೆಲ್ಲ ಬಾಗಿಲ ಹಿಂದಿನ ಸೀಟಿನ ಮೇಲೆ. ಅಲ್ಲಿ ಸ್ಟೀಲಿನ ದೊಡ್ಡ ಡಬ್ಬಿ ಒಂದೇ ಕೂತಿರುತ್ತಿತ್ತು. ನಿಂತು ನಿಂತು ಕಾಲು ಸೋತವರು ಯಾರಾದರೂ ಅಲ್ಲಿ ಕೂರಲು ಹೋದರೆ ಮಾಮಾನ ಉತ್ತರ ಸಿದ್ಧವಿರುತ್ತಿತ್ತು.

"ಅಲ್ಲಿ ಆನಿ ಕುಂತದ್ರಿ. ಹಿಂದ ಸರೀರಿ."

ಆ ಆನೆಗೆ ತಪ್ಪದೆ ಅರ್ಧ ಟಿಕೆಟ್ ಹರಿಯುತ್ತಿದ್ದೆ ಎಂದು ಇವತ್ತಿಗೂ ಆಣೆ ಮಾಡುತ್ತಾನೆ. ಅರ್ಧ ಯಾಕೆ ಎಂದು ಕೇಳಿದರೆ, "ಸಣ್ಣ ಆನಿ ಇತ್ತಲ್ಲ" ಎನ್ನುತ್ತಾನೆ.

ಡಬ್ಬಿ ಮನೆಗೆ ಬಂದ ಮೇಲೆ ಮೊದಲ ಜಗಳ ಶುರುವಾಗುತ್ತಿತ್ತು. ಸಾಚಾಗಳಲ್ಲಿ ಒಂದು ಮಾತ್ರ ತುಂಬಾ ಸವೆದು ಹೋಗಿತ್ತು. ಅದರಿಂದ ಹೊರಬೀಳುತ್ತಿದ್ದ ಪ್ರಾಣಿಗೆ ನಾಲ್ಕು ಕಾಲು, ಒಂದು ಮುಖ ಇರುತ್ತಿದ್ದವು. ಅದಕ್ಕಿಂತ ಹೆಚ್ಚು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಅದು ಸಿಂಹ ಎಂದು ಮಾಮಾ.

"ಕುರಿ ಅದ ಅದು" ಎಂದು ಅವ್ವ.

"ಕುರಿಗಿ ಇಷ್ಟು ಗತ್ತು ಇರ್ತದೇನಕ್ಕಾ? ಮಾರಿ ನೋಡು ಜರಾ."

"ಮಾರಿ ಎಲ್ಲಿ ಅದ, ಮೊದ್ಲು ಅದನ್ನ ತೋರ್ಸು."

ಅಪ್ಪ ಪೇಪರಿನಿಂದ ತಲೆ ಎತ್ತದೆ, "ನಾಯಿ" ಎಂದು ತೀರ್ಪು ಕೊಟ್ಟು ಮತ್ತೆ ಪೇಪರಿಗೆ ಹೋಗುತ್ತಿದ್ದ. ಆಮೇಲೆ ಅವ್ವ ಆನೆಯನ್ನು ಎತ್ತಿಕೊಳ್ಳುತ್ತಿದ್ದಳು. ಮೊದಲ ತುಂಡು ಅವಳು ತಿನ್ನುವವರೆಗೆ ಮಾಮಾ ಚಹಾದ ಕಪ್ಪು ಮುಟ್ಟುತ್ತಿರಲಿಲ್ಲ. ಅವಳು ಕಟಕ್ಕನೆ ಕಡಿದು "ಛಲೋ ಆಗ್ಯದ" ಎಂದ ಮೇಲೇ ಅವನ ಹುಣ್ಣಿಮೆ. ಅದಾದ ಮೇಲೆ ಅವ್ವ ಬಿಸಿ ಹೋಳಿಗೆ ಬಡಿಸುತ್ತಿದ್ದಳು, ಹಾಲು, ತುಪ್ಪ ಸುರಿದುಕೊಂಡು ಮಾಮಾ ತಿನ್ನುತ್ತಿದ್ದ. ಅದೆಷ್ಟು ತಿನ್ನುತ್ತಿದ್ದನೆಂದರೆ, ಬಸ್ಸಿಗೆ ವಾಪಸು ಹೋದಾಗ ಪ್ರಯಾಣಿಕರು ಡ್ರೈವರನ ಹತ್ತಿರ ಜಗಳಕ್ಕೆ ನಿಂತಿರುತ್ತಿದ್ದರು.

ಹೀಗೆ ವರ್ಷಗಳು ಹೋದವು. ನಾನು ದೊಡ್ಡವಳಾದೆ, ನನ್ನನ್ನು ಅದೇ ಊರಲ್ಲೇ ಕೊಟ್ಟರು, ಹಬ್ಬ ಬಂದರೆ ಅವ್ವನ ಅಡುಗೆಮನೆಗೆ ಓಡುತ್ತಿದ್ದೆ. ಮಾಮಾ ರಿಟೈರ್ ಆದ. ಆನೆ ಮಾತ್ರ ರಿಟೈರ್ ಆಗಲಿಲ್ಲ.

ಆಗ ಅವ್ವನಿಗೆ ಶುಗರ್ ಬಂತು. ಡಾಕ್ಟರು ಚಹಾದ ಸಕ್ಕರೆಯನ್ನೂ ಬಿಡಿಸಿದರು. ಆ ವರ್ಷದ ಹುಣ್ಣಿಮೆಗೆ ಮಾಮಾ ಡಬ್ಬಿ ತಂದಾಗ ಅವ್ವ ಆನೆಯನ್ನು ಕೈಗೆ ತೆಗೆದುಕೊಂಡಳು, ತಿರುಗಿಸಿ ತಿರುಗಿಸಿ ನೋಡಿದಳು, ಮತ್ತೆ ಡಬ್ಬಿಯೊಳಗಿಟ್ಟಳು. ಪಕ್ಕದ ಮನೆಯ ಮಕ್ಕಳು ಅದನ್ನು ಹಂಚಿಕೊಂಡು ತಿಂದರು. ಮಾಮಾ ಕಪ್ಪು ಮುಟ್ಟಲಿಲ್ಲ. ಚಹಾ ಆರಿಹೋಯಿತು.

ಮರುವರ್ಷ ಹುಣ್ಣಿಮೆಗೆ ಅವನು ಬರಲೇ ಇಲ್ಲ. ಅವ್ವ ಹೋಳಿಗೆ ಮಾಡಿ, ಮುಚ್ಚಿಟ್ಟು, ಸಂಜೆಯವರೆಗೆ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಫೋನ್ ಮಾಡಿದರೆ, "ಡ್ಯೂಟಿ ಅದ ಅಕ್ಕಾ" ಎಂದ. ರಿಟೈರ್ ಆದವನಿಗೆ ಎಲ್ಲಿಯ ಡ್ಯೂಟಿ!

"ಬರಿಗೈಲೇ ಬಾರೋ ತಮ್ಮಾ. ನಿನ್ನ ಮಾರಿ ನೋಡಿದ್ರ ಸಾಕು" ಎಂದಳು ಅವ್ವ.

"ಹೋಳಿ ಹುಣ್ಣಿಮಿಗಿ ಬರಿಗೈಲೆ ಅಕ್ಕನ ಮನಿಗಿ ಹ್ಯಾಂಗ ಬರ್ಲಿ? ಟಿಕೆಟ್ ಇಲ್ದ ಬಸ್ ಹತ್ತಿದಂಗ ಆಗ್ತದ."

"ಹಣ್ಣು ತಗೊಂಡು ಬಾ."

"ಹಣ್ಣು ದವಾಖಾನಿಗಿ ಒಯ್ತಾರ, ತವರಿಂದ ಒಯ್ಯಲ್ಲ."

ಫೋನ್ ಇಟ್ಟ ಅವ್ವ ಆ ದಿನ ಹೋಳಿಗೆ ಮುಟ್ಟಲಿಲ್ಲ. ಹೇಗೂ ಅವಳು ತಿನ್ನುವಂತಿರಲಿಲ್ಲ ಅನ್ನಿ. ಆದರೆ ಮಾಡಿದ್ದು ಅವಳಿಗಾಗಿ ಅಲ್ಲವಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನಾನು ಹುಟ್ಟಿದಾಗಿನಿಂದ ಇವರಿಬ್ಬರನ್ನೂ ವರ್ಷಕ್ಕೊಮ್ಮೆ ಎದುರುಬದುರು ಕೂರಿಸುತ್ತಿದ್ದುದು ಆ ಆನೆಯೇ. ಅದು ಹೋದರೆ ತಮ್ಮ ಬರುವುದೂ ಹೋಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು.

ಆದರೆ ನಮ್ಮ ಮಾಮಾ ಸುಮ್ಮನೆ ಕೂರುವ ಆಸಾಮಿಯೇ? ಒಂದು ದಿನ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ. ಯಾವುದೋ ದೇಶದಲ್ಲಿ ವಸಂತದ ಹಬ್ಬಕ್ಕೆ ಚಾಕಲೇಟಿನಲ್ಲಿ ಮೊಲ, ಕೋಳಿಮರಿ ಮಾಡುತ್ತಿದ್ದರಂತೆ, ಅದೂ ಮನೆಯಲ್ಲೇ, ಅಚ್ಚಿನಲ್ಲೇ! ತಕ್ಷಣ ನನಗೆ ಫೋನು.

"ಕಹಿ ಚಾಕಲೇಟ್ ಅಂತ ಇರ್ತದಂತಲ್ಲ. ಸಕ್ಕರಿ ಇಲ್ದದ್ದು. ಶುಗರಿನವರಿಗಿ ನಡೀತದೇನು, ಡಾಕ್ಟರಿಗಿ ಕೇಳು."

ಕೇಳಿದೆ. ಒಂದು ಚೂರು ತಿಂದರೆ ಪರವಾಗಿಲ್ಲ ಎಂದರು ಡಾಕ್ಟರು. ಆ ಒಂದು ಚೂರಿನ ಮೇಲೆ ಮಾಮಾ ಕಾರ್ಖಾನೆಯನ್ನೇ ಕಟ್ಟಿಬಿಟ್ಟ. ಬೇಕರಿಯವನ ಕಡೆಯಿಂದ ಬೀದರಿನಿಂದ ಕರಿ ಇಟ್ಟಿಗೆಯಂಥ ಚಾಕಲೇಟು ತರಿಸಿದ. ಮತ್ತು, ಅಜ್ಜಿಯ ಮಗನಲ್ಲವೇ, ಹಿಂದಿನ ದಿನವೇ ಸಾಚಾಗಳನ್ನು ನೀರಲ್ಲಿ ನೆನೆಹಾಕಿದ!

ಚಾಕಲೇಟಿಗೂ ನೀರಿಗೂ ಹಾವು ಮುಂಗುಸಿಯ ಸಂಬಂಧವೆಂದು ಪಾಪ ಅವನಿಗೇನು ಗೊತ್ತು? ಕರಗಿದ ಚಾಕಲೇಟು ಒದ್ದೆ ಕಟ್ಟಿಗೆಗೆ ತಾಗಿದ್ದೇ ತಡ, ಗಂಟು ಗಂಟಾಗಿ ಮುದುಡಿಕೊಂಡಿತು. ಸಾಚಾ ಬಿಚ್ಚಿದರೆ ಒಳಗೆ ಕುದುರೆ ಇರಲಿಲ್ಲ. ಕುದುರೆ ರಸ್ತೆಯಲ್ಲಿ ಬಿಟ್ಟು ಹೋಗುವಂಥದ್ದು ಏನೋ ಇತ್ತು ಎಂದು ಮಾಮಿ ವರದಿ ಕೊಟ್ಟಳು.

ಎರಡನೆಯ ಸಲ ಸಾಚಾ ಒಣಗಿಸಿ ಸುರಿದ. ಈಗ ಆನೆ ಹೊರಗೆ ಬರಲು ಒಪ್ಪಲಿಲ್ಲ. ಬಡಿದ, ಊದಿದ, ಬೇಡಿಕೊಂಡ. ಹಿಂಗಾಲು ಎರಡು ಬಂದವು, ಉಳಿದ ಆನೆ ಒಳಗೇ ಉಳಿಯಿತು. ಮೂರನೆಯ ಸಲ ಒಳಗೆಲ್ಲ ತುಪ್ಪ ಸವರಿದ. ಆಗ ಬಂತು ನೋಡಿ, ಮಿರಮಿರ ಮಿಂಚುವ ಕರಿ ಆನೆ, ಸೊಂಡಿಲು ಮಾತ್ರ ಇರಲಿಲ್ಲ. ಸೊಂಡಿಲು ಇಲ್ಲದ್ದು ಅವನಿಗೆ ಹೊಸದಲ್ಲವಲ್ಲ, ಸಂತೋಷದಿಂದ ಕುಣಿದಾಡಿದನಂತೆ.

"ತುಪ್ಪದ ಡಬ್ಬಿ ಖಾಲಿ ಆಗ್ಯದ, ಅದ್ಕ ಏನಂತೀರಿ?" ಎಂದಳಂತೆ ಮಾಮಿ.

"ಅಕ್ಕನ ಶುಗರ್ ಮುಂದ ತುಪ್ಪದ ಫಿಕರ್ ಏನಲೇ?"

ಮಾಡಿದ್ದಾಯಿತು, ತರುವುದು ಹೇಗೆ? ಹೋಳಿ ಹೊತ್ತಿಗೆ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಬಸ್ಸಿನ ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದು. ಐಸ್‌ಕ್ಯಾಂಡಿಯವನ ಥರ್ಮಾಕೋಲ್ ಡಬ್ಬಿ ಕೇಳಿ ತಂದು, ಐಸು ತುಂಬಿ, ಒದ್ದೆ ಗೋಣಿಚೀಲ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಂದ. ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು. ಇಳಿದು ಬೇವಿನ ಮರದ ನೆರಳಲ್ಲಿ ಡಬ್ಬಿಗೆ ಟವೆಲಿನಿಂದ ಗಾಳಿ ಬೀಸುತ್ತ ನಿಂತವನನ್ನು ನೋಡಿ, ಒಳಗೆ ಯಾರೋ ರೋಗಿಯ ಔಷಧಿ ಇದೆಯೆಂದು ಜನ ದೂರ ಸರಿದು ಜಾಗ ಬಿಟ್ಟರಂತೆ.

ಮನೆಗೆ ಬಂದು ಡಬ್ಬಿ ತೆರೆದಾಗ ತಳದಲ್ಲಿ ಕರಿಯ ಕೆಸರು. ನಡುವೆ ಒಂದು ಗುಡ್ಡೆ. ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ಇದ್ಯಾವ ಪ್ರಾಣಿ ತಮ್ಮಾ?"

ಮಾಮಾ ಕಣ್ಣು ಮಿಟುಕಿಸಲಿಲ್ಲ. "ಎಮ್ಮಿ. ಬಿಸಿಲು ಅದಲ್ಲ, ಕೆಸರಿನಾಗ ಮಲಗ್ಯದ."

ಅವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. ಚಮಚದಿಂದ ಎಮ್ಮೆಯ ಬೆನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಮುಖ ಕಿವಿಚಿಕೊಂಡಿತು. ಕಷಾಯ ಕುಡಿದವರ ಹಾಗೆ ಗುಟುಕು ನುಂಗಿ, "ಛಲೋ ಆಗ್ಯದ" ಎಂದಳು. ಮಾಮಾ ಚಹಾ ಎತ್ತಿಕೊಂಡ. ಆಮೇಲೆ ಹೋಳಿಗೆ ತಿಂದ, ಎಂದಿನಂತೆ ಹಾಲು ಸುರಿದುಕೊಂಡು, ಬೆರಳು ನೆಕ್ಕುತ್ತ, "ಏನ್ ಸಿಹಿ ಅಕ್ಕಾ" ಎನ್ನುತ್ತ. ನಮ್ಮ ಮನೆಗೆ ಹುಣ್ಣಿಮೆ ವಾಪಸು ಬಂತು.

ಅಲ್ಲಿಂದ ಪ್ರತಿವರ್ಷ ಕಹಿ ಪ್ರಾಣಿಗಳ ಸವಾರಿ. ಈಗ ಬೆಳಗಿನ ಮೊದಲ ಬಸ್ಸಿಗೇ ಬರುತ್ತಾನೆ. ಈ ವರ್ಷವಂತೂ ಆನೆ ಸೊಂಡಿಲು ಸಮೇತ ಬಂದಿಳಿಯಿತು. ಡಬ್ಬಿ ತೆರೆದ ಮಾಮಾನಿಗೇ ನಂಬಿಕೆ ಬರಲಿಲ್ಲ, ಯಾರದಾದರೂ ಡಬ್ಬಿ ಬದಲಾಯಿತೇ ಎಂದು ಕೆಳಗೆ ಮೇಲೆ ನೋಡಿದ. ಅವ್ವ ಮೊದಲು ಸೊಂಡಿಲನ್ನೇ ಮುರಿದು ತಿಂದಳು.

ಅವಳು ಒಳಗೆ ಬಂದಾಗ ನಾನು ಹೋಳಿಗೆ ಬೇಯಿಸುತ್ತಿದ್ದೆ. ಹಸಿವಾಗಿತ್ತು. ಒಂದು ಪಕ್ಕ ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದ ಹೋಳಿಗೆಗಳಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಒಳಗಿದ್ದದ್ದು ಬರೀ ಕಡಲೆಬೇಳೆ. ಏಲಕ್ಕಿ ಇತ್ತು, ಜಾಜಿಕಾಯಿ ಇತ್ತು, ಸಿಹಿ ಎಂಬುದೇ ಇರಲಿಲ್ಲ.

"ಅವ್ವಾ, ಇದ್ರಾಗ ಬೆಲ್ಲ ಹಾಕೂದು ಮರ್ತೀ ಏನು?"

ಅವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವು ನಿಮ್ಮ ಮಾಮಾಂದು. ಮುಟ್ಟಬ್ಯಾಡ."

"ಯಾಕ?"

"ಅವಂಗೂ ಶುಗರ್ ಅದ. ನಿಮ್ಮ ಮಾಮಿ ಎಂದೋ ಫೋನಿನಾಗ ಹೇಳ್ಯಾಳ. ಅಕ್ಕಂಗ ಹೇಳಿದ್ರ ನೋಡು ಅಂತ ಅಕಿಗಿ ಆಣಿ ಹಾಕ್ಸ್ಯಾನಂತ. ನನಗ ಗೊತ್ತಾದ್ರ ಹೋಳಗಿ ಮಾಡೂದು ಬಿಡ್ತೀನಿ ಅಂತ ಅವನ ಅಂಜಿಕಿ."

"ಹಂಗಾದ್ರ ಹೋದ ವರ್ಷ?"

"ಹೋದ ವರ್ಷನೂ ಇವೇ. ಎಮ್ಮಿ ತಂದ ವರ್ಷನೂ ಇವೇ. ಅವನ ಮುಂದ ಬಾಯಿ ಬಿಡಬ್ಯಾಡ ಮತ್ತ. ಗೊತ್ತಾದ್ರ ನಾಚಿಕೊಂಡು ಬರೂದೇ ಬಿಟ್ಟಾನು."

 ಬೆರಳು ನೆಕ್ಕುತ್ತ "ಏನ್ ಸಿಹಿ" ಎಂದವನು ಕಣ್ಣ ಮುಂದೆ ಬಂದ. ಅಳು ಬಂತು, ನಗುವೂ ಬಂತು, ಹಂಚಿನ ಮೇಲಿನ ಹೋಳಿಗೆ ಸೀದುಹೋಯಿತು.

ಅವ್ವ ಆ ತಟ್ಟೆ ಹಿಡಿದು ಹೊರಗೆ ಹೋದಳು, ನಾನು ಹಾಲಿನ ಪಾತ್ರೆ ಹಿಡಿದು ಹಿಂದೆ ಹೋದೆ. ಮಾಮಾ ತಾಟಿನ ಮುಂದೆ ಚಕ್ಕಳಮಕ್ಕಳ ಕೂತಿದ್ದ. ಮುರಿದ, ಹಾಲಿನಲ್ಲಿ ಅದ್ದಿದ, ಬಾಯಿಗಿಟ್ಟ. ಬಹಳ ಹೊತ್ತು ಅಗಿದ. ನಾನು ಅವನ ಮುಖ ನೋಡಲಾರದೆ ಹಾಲಿನ ಪಾತ್ರೆ ನೋಡುತ್ತ ನಿಂತೆ.

"ಅಕ್ಕಾ" ಎಂದ ಮೆಲ್ಲಗೆ.

"ಏನೋ?"

"ಈ ಸಲ ಬೆಲ್ಲ ಜರಾ ಜಾಸ್ತಿ ಆಗ್ಯದ ನೋಡು."

ಅವ್ವ ಅವನನ್ನೇ ನೋಡಿದಳು. ಅವನು ತಾಟಿನಿಂದ ತಲೆ ಎತ್ತಲಿಲ್ಲ.

"ಹೌದೇನೋ ತಮ್ಮಾ? ಕೈ ತಪ್ಪಿ ಬಿದ್ದದ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. ಅವನು ಬೇಡ ಅನ್ನಲಿಲ್ಲ.