ಸಾಯಬಣ್ಣನ ಸೀದಾ ಕಾಲು

ಗೆಜ್ಜೆ ಕಟ್ಟಿದ ಕೋಲು ಝಣಗುಟ್ಟಿದರೆ ಎಂಥ ಬಂಡಿಯೂ ಬದಿಗೆ ಸರಿಯಬೇಕು. ಹದಿನೆಂಟು ವರ್ಷ ಕಮಲಾಪುರದ ಟಪಾಲು ಹೊತ್ತು ಓಡಿದ ಸಾಯಬಣ್ಣನ ನಂಬಿಕೆ ಅದು. ಎತ್ತುಗಳು ಸರಿದಿದ್ದವು, ಟಾಂಗಾಗಳು ಸರಿದಿದ್ದವು, ತಹಶೀಲದಾರರ ಕುದುರೆ ಕೂಡ ಸರಿದಿತ್ತು. ಅಂದು ಬೆಳಿಗ್ಗೆ ಎದುರಾದ ಮೋಟಾರು ಮಾತ್ರ ಸರಿಯಲಿಲ್ಲ. ಸಾಯಬಣ್ಣನೂ ಸರಿಯಲಿಲ್ಲ.

ಬಲಗಾಲು ಮೂರು ಕಡೆ ಮುರಿಯಿತು: ಟೊಂಕದ ಕೀಲಿನಲ್ಲೊಂದು, ತೊಡೆಯಲ್ಲೊಂದು, ಮೊಳಕಾಲ ಕೆಳಗೊಂದು. ನೋವಿಗಿಂತ ಭಯವೇ ದೊಡ್ಡದಾಗಿತ್ತು. ಕುಂಟನ ಹೆಗಲಿಗೆ ಟಪಾಲು ಏರಿಸುವವರಿಲ್ಲ. ಸೊಂಟದ ಹಿತ್ತಾಳೆ ಬಿಲ್ಲೆ ಬಿಚ್ಚಿಕೊಟ್ಟು ಮನೆ ಸೇರಬೇಕು.

ನೆರೆಮನೆಯ ಮಾಣಿಕಪ್ಪ ಓಡಿ ಬಂದ. ಅವನ ಹೆಂಡತಿ ಭಾಗಮ್ಮ ಉದ್ದಿನ ಹಿಟ್ಟಿಗೆ ಕೋಳಿತತ್ತಿ ಕಲಸಿ ತಂದು, ಯಾವ ಕಾಲಿಗೂ ಬೇಸರವಾಗಬಾರದೆಂದು ಎರಡಕ್ಕೂ ಟೊಂಕದಿಂದ ಹಿಮ್ಮಡದವರೆಗೆ ಮೆತ್ತಿದಳು. ಕಾಲುಗಳು ಹೊಸದಾಗಿ ಗಿಲಾವು ಮಾಡಿದ ಕಂಬಗಳಂತಾದವು. ನಾಲಿಗೆ ಕಚ್ಚಿಕೊಂಡಾನೆಂದು ಮಾಣಿಕಪ್ಪ ತನ್ನ ಹೆಗಲ ವಲ್ಲಿಯನ್ನು ಅವನ ಬಾಯಿಗೆ ತುರುಕಿದ.

ಕೆಡವಿದ ಮೋಟಾರೇ ಅವನನ್ನು ಕಲಬುರಗಿಗೆ ಹೊತ್ತೊಯ್ದಿತು. ಹುಟ್ಟಿದಾಗಿನಿಂದ ಮೋಟಾರು ಹತ್ತದ ಮಾಣಿಕಪ್ಪ, ಗೆಳೆಯನ ಸಂಕಟ ನೋಡಲಾರದೆ, ಮುಂದಿನ ಸೀಟಿನಲ್ಲಿ ಕುಳಿತು ಬಂದ.

ಸ್ಟೇಶನ್ ಬಜಾರದಲ್ಲಿ ಡಾಕ್ಟರ್ ಜಹೀರುದ್ದೀನರ ದವಾಖಾನೆ. ಹೈದರಾಬಾದಿನಿಂದ ಬಂದು ತಿಂಗಳಾಗಿದ್ದ ಅವರಿಗೆ ಕನ್ನಡ ಬಾರದು. ಮಾಣಿಕಪ್ಪನಿಗೆ ಉರ್ದು ಬಾರದು. ಬರುತ್ತದೆಂಬ ಧೈರ್ಯ ಮಾತ್ರ ಧಾರಾಳವಾಗಿತ್ತು.

"ಟೂಟಾ ಸೋ ಪಾಂವ್ ಸೀದಾ ಕ್ಯಾ?" ಎಂದರು ಡಾಕ್ಟರು. ಮುರಿದದ್ದು ಬಲಗಾಲೇ ಎಂದು ಕೇಳಿದ್ದು; ಅವರ ಮಾತಿನಲ್ಲಿ ಸೀದಾ ಎಂದರೆ ಬಲ, ಉಲ್ಟಾ ಎಂದರೆ ಎಡ.

ಮೂರು ಕಡೆ ಮುರಿದದ್ದು ನೆಟ್ಟಗೆ ಹೇಗಿದ್ದೀತು ಎಂದು ಮಾಣಿಕಪ್ಪ ನಕ್ಕ. "ಎಲ್ಲೀ ಸೀದಾ ರೀ ಸಾಹೇಬ್ರ, ಪೂರಾ ಉಲ್ಟಾ ಆಗ್ಯಾದ."

ಎಡಗಾಲಿಗೆ ಕಂಕುಳಿನಿಂದ ಹಿಮ್ಮಡದವರೆಗೆ ಹಲಗೆ ಬಿಗಿದರು. ಪಾದಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ನಾಲ್ಕು ಇಟ್ಟಿಗೆ ತೂಗಬಿಟ್ಟರು. ಸಾಯಬಣ್ಣ ಬಾವಿಗೆ ಬಿದ್ದ ಕೋಣದಂತೆ ವಲ್ಲಿಯೊಳಗೇ ಒರಲಿದ. ಔಷಧ ಹಿಡಿಯುತ್ತಿದೆಯೆಂದು ಮಾಣಿಕಪ್ಪ ಸಮಾಧಾನ ಹೇಳಿದ.

ಮಧ್ಯಾಹ್ನ ನೀರು ಕುಡಿಸಲು ವಲ್ಲಿ ತೆಗೆದಾಗ ಸತ್ಯ ಹೊರಬಿತ್ತು.

"ಮಾಣಿಕ್ಯಾ, ನೀ ಕಟ್ಟಿಸಿದ್ದು ನನ್ನ ಚಲೋ ಕಾಲೋ."

ಎರಡೂ ಭಾಷೆ ಬಲ್ಲ ಟಾಂಗಾದ ಮಲಂಗಸಾಬನನ್ನು ಬೀದಿಯಿಂದ ಕರೆಸಿದರು. ಅವನು ಸೀದಾ ಎಂಬುದರ ಕನ್ನಡದ ಅರ್ಥವನ್ನು ಡಾಕ್ಟರರಿಗೂ ಉರ್ದುವಿನ ಅರ್ಥವನ್ನು ಮಾಣಿಕಪ್ಪನಿಗೂ ಬಿಡಿಸಿ ಹೇಳಿ ಹೋದ. ಇಬ್ಬರಿಗೂ ನಾಚಿಕೆಯಾಯಿತು. ಇಬ್ಬರೂ ತಮ್ಮತಮ್ಮೊಳಗೆ ಏನನ್ನೋ ನಿಶ್ಚಯಿಸಿಕೊಂಡರು.

ಎಡಗಾಲಿನ ಹಲಗೆ, ಇಟ್ಟಿಗೆ ಬಿಚ್ಚಿ, ಹಿಟ್ಟು ತೊಳೆದು, ಬೆವರು ಸುರಿಸಿ, ಡಾಕ್ಟರು ಸಂಜೆಯ ಹೊತ್ತಿಗೆ ಬಲಗಾಲಿನ ಎಲುಬುಗಳನ್ನು ಮುರಿದ ಮೂರೂ ಕಡೆ ಕೂಡಿಸಿದರು. ಹೀಗೇ ನಿಂತರೆ ಮೊದಲಿನಂತೆ ಓಡಬಹುದೆಂದು ಸನ್ನೆಯಲ್ಲೇ ತೋರಿಸಿದರು. ಸಾಯಬಣ್ಣ ಸೊಂಟದ ಬಿಲ್ಲೆ ಮುಟ್ಟಿ ನೋಡಿಕೊಂಡ; ಕಣ್ಣು ತುಂಬಿ ಬಂತು.

ಇನ್ನು ಹಲಗೆ ಬಿಗಿಯುವುದೊಂದೇ ಬಾಕಿ. ಅದನ್ನು ತರಲು ಒಳಗೆ ಹೊರಟ ಡಾಕ್ಟರು ಬಾಗಿಲಲ್ಲಿ ತಿರುಗಿ, ಹೊಸದಾಗಿ ಕಲಿತ ಕನ್ನಡದಲ್ಲಿ, ಕನ್ನಡದ್ದೇ ಅರ್ಥದಲ್ಲಿ, ಬಹಳ ಹೆಮ್ಮೆಯಿಂದ ಹೇಳಿದರು:

"ಇವ್ರಿಗೆ ಸೀದಾ ಮಲಗಸ್ರಿ."

ಮಾಣಿಕಪ್ಪ ಜಾಣನಗೆ ನಕ್ಕ. ಇನ್ನೊಮ್ಮೆ ಮೋಸ ಹೋಗುವವನಲ್ಲ ಅವನು. "ತಿಳೀತು ರೀ ಸಾಹೇಬ್ರ," ಎಂದು ತೋಳೇರಿಸಿ, ಸಾಯಬಣ್ಣ ಬಾಯಿ ತೆರೆಯುವುದರೊಳಗೆ, ಅವನನ್ನು ಎತ್ತಿ ಬಲಮಗ್ಗುಲಿಗೆ ಹೊರಳಿಸಿದ.

ಲಟಕ್ಕೆಂದು ಮೂರು ಸಲ ಸದ್ದಾಯಿತು. ಮಾಣಿಕಪ್ಪ ವಲ್ಲಿ ಹುಡುಕತೊಡಗಿದ.